ಕಾಡುಪಾಪಕ್ಕೆ ಮರದ ದಾರಿ: ಸಣ್ಣ ಅನುದಾನ ಎಲ್ಲಿ ಸಿಗುತ್ತೆ?

ಯಲಹಂಕದವಳು: ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಹತ್ತಿರ ನಮ್ಮ ಬೀದಿ. ಹೋದ ವಾರ ರಾತ್ರಿ ಹೊಂಗೆ ಮರದಲ್ಲಿ ಕಾಡುಪಾಪ (ಸ್ಲೆಂಡರ್ ಲೋರಿಸ್, ಮರದ ಮೇಲೆ ಬದುಕೋ ಪುಟ್ಟ ಪ್ರಾಣಿ) ಕಂಡೆ. ಕೆಂಪು ಕಾಗದ ಸುತ್ತಿದ ಟಾರ್ಚಿಗೆ ಎರಡು ಕಣ್ಣು ಕೆಂಡದ ಹಾಗೆ ಹೊಳೆದವು. ಕೊಂಬೆ ತುದಿವರೆಗೂ ಬಂತು, ಕೈ ಚಾಚಿತು, ಹಿಡಿಯೋಕೆ ಏನೂ ಇಲ್ಲದೆ ವಾಪಸ್ ಹೋಯ್ತು. ಪಕ್ಕದ ಮರ ಕಡಿದುಬಿಟ್ಟಿದ್ದಾರೆ. ಅದು ನೆಗೆಯೋ ಪ್ರಾಣಿ ಅಲ್ಲ. ಹೊಟ್ಟೆ ಉರೀತು. ಸಸಿಗೆ, ಬೇಲಿಗೆ ದುಡ್ಡು ಬೇಕು, ಯಾರನ್ನ ಕೇಳಲಿ?

ಹೆಬ್ಬಾಳದ ಹಕ್ಕಿನೋಟ: ಲಂಡನ್ನಿನ ರಫರ್ಡ್ ಫೌಂಡೇಶನ್ ನೋಡಿ ಮೇಡಂ. ಇಂಥ ಸಣ್ಣ ಯೋಜನೆಗಳಿಗೇ ಕೊಡೋದು. ಅರ್ಜಿ ಆನ್‌ಲೈನ್, ಮೂವರ ಶಿಫಾರಸು ಬೇಕು.

ಮರಪ್ರೇಮಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರೋ 1ನೇ ಪರಿಶಿಷ್ಟದ ಪ್ರಾಣಿ ಅದು. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಮುಟ್ಟಬೇಡಿ.

ಯಲಹಂಕದವಳು: ಮುಟ್ಟಲ್ಲ ಸಾರ್, ದೂರದಿಂದ ಎಣಿಸ್ತೀವಿ ಅಷ್ಟೇ. ಭಾನುವಾರ ಬೀದಿ ಮರಗಳ ಲೆಕ್ಕ ಶುರು, ಬನ್ನಿ.