ಗಂಗಾವತಿ: 30 ಬೆಡ್ ಆಸ್ಪತ್ರೆ, ಕೈಯಲ್ಲಿ 3 ಲಕ್ಷ. ಮೊದಲು ಏನು ಮಾಡ್ಸೋದು?

ಕೇಳಿದವರು: ಹೆರಿಗೆ, ಆಪರೇಷನ್, ಡಯಾಲಿಸಿಸ್ ಮೂರೂ ಇರೋ ಖಾಸಗಿ ಆಸ್ಪತ್ರೆ. ರೋಗಿ ಮತ್ತು ಸಂಗಡ ಬಂದವರ ಅನುಕೂಲಕ್ಕೆ 3 ಲಕ್ಷ ತೆಗೆದಿಟ್ಟೀವಿ. ವೇಟಿಂಗ್ ಹಾಲಿಗೆ ಎಸಿ, ಸೋಫಾ ಹಾಕ್ಸೋ ವಿಚಾರ. ಅನುಭವ ಇದ್ದವರು ಹೇಳ್ರಿ.

ಆಸ್ಪತ್ರೆ ಮೇಂಟೆನೆನ್ಸ್, ರಾಯಚೂರು: ಸೋಫಾ ಇರ್ಲಿ ಬಿಡ್ರಿ, ಮೊದಲು ನೀರು. ಬೆಡ್ಡಿಗೆ ಇಬ್ರು ಅಂದ್ರ 60 ಜನ. ಬ್ಯಾಸಗಿಯಾಗ ತಲಾ 4 ಲೀಟರ್ ಹಿಡಿದ್ರ 240 ಲೀಟರ್, 20 ಲೀಟರಿನ ಕ್ಯಾನ್ 12. ಕ್ಯಾನಿಗೆ 30 ರೂಪಾಯಿ ಅಂದ್ರೂ ತಿಂಗಳಿಗೆ 10,800. ಬೋರ್ ನೀರಾದ್ರ ಫ್ಲೋರೈಡ್ ಟೆಸ್ಟ್ ಮಾಡ್ಸ್ರಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರ ಕುಡಿಸಬ್ಯಾಡ್ರಿ. ಅಂಗಡಿಯವ ಯುವಿ ಫಿಲ್ಟರ್ ಕಟ್ಟಾಕ ನೋಡ್ತಾನ. ಯುವಿ ಕ್ರಿಮಿ ಕೊಲ್ತೈತಿ ಅಷ್ಟ, ಫ್ಲೋರೈಡ್ ಹಂಗ ಉಳಿತೈತಿ. ಕುದಿಸಿದ್ರೂ ಹೋಗಂಗಿಲ್ಲ. ಆರ್‌ಒ ಬೇಕು.

ಡಯಾಲಿಸಿಸ್ ಟೆಕ್ನಿಷಿಯನ್, ಬಳ್ಳಾರಿ: ತಲಾ 4 ಲೀಟರಾ? ಡಯಾಲಿಸಿಸ್ ಪೇಷಂಟಿಗೆ ಕುಡಿಸಿ ನೋಡ್ರಿ, ಶ್ವಾಸಕೋಶಕ್ಕೆ ನೀರು ತುಂಬಿ ಐಸಿಯು ಸೇರ್ತಾರೆ. ಹಿಂದಿನ ದಿನದ ಮೂತ್ರದ ಅಳತೆ, ಅದರ ಮೇಲೆ 500 ಮಿಲಿ, ಇದು ಸಾಮಾನ್ಯ ಲೆಕ್ಕ. ಚಹಾ, ಮಜ್ಜಿಗೆ, ಸಾರು ಎಲ್ಲ ಅದರಲ್ಲೇ ಬರಬೇಕು. ಇನ್ನು ನೋಡೋಕೆ ಬಂದವರು. ಬರಿಗೈಲಿ ಬರಬಾರದು ಅಂತ ಎಳನೀರು, ಬಾಳೆಹಣ್ಣು ತರ್ತಾರೆ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ, ರಕ್ತದಲ್ಲಿ ಅದು ಏರಿದ್ರೆ ಹೃದಯ ಲಯ ತಪ್ಪುತ್ತೆ. ಬರೀ ಗದರಿಸಿದ್ರೆ ಪರದೆ ಹಿಂದೆ ಕುಡಿಸ್ತಾರೆ, ಹಾಗಾಗಿ ತರಬಹುದಾದ್ದನ್ನೂ ಹೇಳ್ಬೇಕು: ಒಂದು ಸಣ್ಣ ಸೇಬು. ಎಸಿ ಗಾಳಿ ಬೆಡ್ಡಿನ ಮೇಲೆ ನೇರ ಬೀಳಬಾರದು, 4 ತಾಸು ಮಲಗಿದವರಿಗೆ ಚಳಿ ಹಿಡಿಯುತ್ತೆ. ಹೊದಿಕೆ ಕೊಡ್ರಿ, ಆದ್ರೆ ಫಿಸ್ಟುಲಾ ಕೈ, ಅಂದ್ರೆ ಡಯಾಲಿಸಿಸ್ ಸೂಜಿ ಚುಚ್ಚಿದ ಕೈ, ಹೊರಗೇ ಇರ್ಲಿ. ಸೂಜಿ ಕಳಚಿದ್ರೆ ರಕ್ತ ಹೊದಿಕೆಯೊಳಗೇ ಇಂಗುತ್ತೆ, ಯಾರಿಗೂ ಕಾಣಲ್ಲ.

ಓಟಿ ಸಿಸ್ಟರ್, ಕೊಪ್ಪಳ: ಇಬ್ರೂ ನೀರಾಗೇ ನಿಂತೀರಿ. ರಾತ್ರಿ 10ರಿಂದ ಬಾಯಿಗೆ ಏನೂ ಹಾಕಬ್ಯಾಡ್ರಿ ಅಂದು ಮರುದಿನ ಮಧ್ಯಾಹ್ನ 2ಕ್ಕ ಥಿಯೇಟರಿಗೆ ಒಯ್ಯೋದು ಯಾವ ಉಪಚಾರ? ದೊಡ್ಡವರಿಗೆ ಎಣ್ಣೆ, ಮಾಂಸದ ಊಟ 8 ತಾಸು ಮೊದಲು, ಲಘು ಆಹಾರ, ಹಾಲು 6 ತಾಸು, ಬರೀ ನೀರು 2 ತಾಸು ಮೊದಲಿನ ತನಕ. ಅನಸ್ತೇಷಿಯಾ ಡಾಕ್ಟರ್ ಒಪ್ಪಿಗೆ ತಗೊಂಡು ಗಡಿಯಾರದ ಟೈಮ್ ಹಾಕಿದ ಚೀಟಿ ಬೆಡ್ಡಿಗೆ ಅಂಟಿಸ್ರಿ. ಆಪರೇಷನ್ ಲಿಸ್ಟ್ ಹಿಂದುಮುಂದು ಆದಾಗ ವಾರ್ಡಿಗೆ ಫೋನ್ ಹೋಗಂಗಿಲ್ಲ, ಅಲ್ಲೇ ಕೆಡತೈತಿ. ಶುಗರ್ ಇದ್ದವರ ಹೆಸರು ಮೊದಲು ಇರ್ಲಿ. ಇದಕ್ಕ ನಿಮ್ಮ 3 ಲಕ್ಷ ಮುಟ್ಟೋದೂ ಬ್ಯಾಡ.

ಬಿಲ್ಲಿಂಗ್, ಸಿಂಧನೂರು: ಬಾಣಂತಿಯರಿಗೆ ಸಾದಾ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟ ಫ್ರೀ ಕೊಡ್ರಿ, ಸ್ಕೀಮ್ ಐತಿ.

ಓಟಿ ಸಿಸ್ಟರ್, ಕೊಪ್ಪಳ: ಅಣ್ಣಾರ, ಅದು 2011ರ ಜನನಿ ಶಿಶು ಸುರಕ್ಷಾ, ಸರ್ಕಾರಿ ಆಸ್ಪತ್ರೆಗೆ. ಅವರು ಖಾಸಗಿ ಅಂತ ಮೊದಲ ಸಾಲಿನಾಗೇ ಬರದಾರ. ಓದ್ರಿ.

ಮೇಂಟೆನೆನ್ಸ್, ರಾಯಚೂರು: ಟೆಕ್ನಿಷಿಯನ್ ಸಾಹೇಬ್ರ, 4 ಲೀಟರ್ ಸರಾಸರಿ ಲೆಕ್ಕ, ನಿಮ್ಮ ಪೇಷಂಟಿನ ಬಾಯಿಗೆ ಹೊಯ್ರಿ ಅಂದಿಲ್ಲ. ಹೆಂಗೂ ಡಯಾಲಿಸಿಸ್ ಆರ್‌ಒ ಪ್ಲಾಂಟ್ ಐತಿ, ಅದರ ಲೈನಿಗೇ ಒಂದು ನಳ ಎಳದ್ರ ಕ್ಯಾನ್ ಖರ್ಚು ಉಳಿತೈತಿ.

ಡಯಾಲಿಸಿಸ್ ಟೆಕ್ನಿಷಿಯನ್, ಬಳ್ಳಾರಿ: ಲೂಪಿಗೆ, ಅಂದ್ರೆ ಡಯಾಲಿಸಿಸ್ ಮಷಿನ್‌ಗಳಿಗೆ ನೀರು ಒಯ್ಯೋ ಪೈಪಿಗೆ, ನಳವಾ! ಆ ಕವಲಿನ ಪೈಪಲ್ಲಿ ನೀರು ನಿಂತು ಬ್ಯಾಕ್ಟೀರಿಯಾ ಬೆಳೆದು ಅದರ ವಿಷ (ಎಂಡೋಟಾಕ್ಸಿನ್) ಮಷಿನ್‌ಗೆ ಹೋದ್ರೆ ಇಡೀ ಶಿಫ್ಟಿಗೇ ಚಳಿಜ್ವರ. ಮೇಂಟೆನೆನ್ಸ್ ಅನ್ನೋರು ಹೇಳೋ ಮಾತಾ ಇದು? ಕುಡಿಯೋಕೆ ಬೇರೆ ಆರ್‌ಒ ಹಾಕ್ಸ್ರಿ.

ಮೇಂಟೆನೆನ್ಸ್, ರಾಯಚೂರು: ಅದರ ರಿಜೆಕ್ಟ್ ನೀರು, ಅಂದ್ರ ಸೋಸಿದ ಮ್ಯಾಲ ಹೊರಗ ಬಿಡೋ ನೀರು, ಸಂಡಾಸಿನ ಫ್ಲಶ್ ಟ್ಯಾಂಕಿಗೆ ಬಿಡಬಹುದೋ, ಅದಕ್ಕೂ ಬೈತೀರೋ?