ಸಿಎಸ್‌ವಿಯಿಂದ ವರ್ಡ್ ಪತ್ರ: ಮೊದಲ ಕಾಲಂ ಮಾತ್ರ ಸಿಗುತ್ತಿಲ್ಲ

ಪ್ರಶ್ನೆ (ಇಳಕಲ್): ನಮ್ಮ ಸೀರೆ ನೇಕಾರರ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ (ಕಾಲಂಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸುವ ಪಠ್ಯ ಕಡತ) ಎಂದು ಉಳಿಸಿ, ಪೈಥಾನ್‌ ಪ್ರೋಗ್ರಾಮಿಂಗ್ ಭಾಷೆಯ ಡಿಕ್ಟ್‌ರೀಡರ್ (ಪ್ರತಿ ಸಾಲಿನ ಮಾಹಿತಿಯನ್ನು ಕಾಲಂ ಹೆಸರಿನಿಂದ ಪಡೆಯುವಂತೆ ಓದುವ ಸಾಧನ) ಮೂಲಕ ಓದಿ, ಒಬ್ಬೊಬ್ಬರಿಗೂ ಒಂದೊಂದು ವರ್ಡ್ ಪತ್ರವನ್ನು ಸಿದ್ಧಪಡಿಸುತ್ತಿದ್ದೇನೆ. ‘ಊರು’, ‘ವಿಳಾಸ’ ಸರಿಯಾಗಿ ಬರುತ್ತವೆ. ಮೊದಲ ಕಾಲಂ ‘ಹೆಸರು’ ಕಣ್ಣೆದುರಿಗೇ ಇದ್ದರೂ ಕೀಎರರ್ (ಆ ಹೆಸರಿನ ಕಾಲಂ ಸಿಗಲಿಲ್ಲ ಎಂಬ ದೋಷ) ಬರುತ್ತದೆ. ಕಾರಣವೇನಿರಬಹುದು?

ಉತ್ತರ (ವಿಜಯಪುರ): ಹಾಗೆ ಉಳಿಸುವಾಗ ಎಕ್ಸೆಲ್ ಕಡತದ ಆರಂಭದಲ್ಲಿ ಕಣ್ಣಿಗೆ ಕಾಣದ 3 ಬೈಟ್‌ಗಳ ಗುರುತೊಂದನ್ನು ಸೇರಿಸುತ್ತದೆ, ಅದು ‘ಹೆಸರು’ ಪದದ ಮುಂದೆ ಅಂಟಿಕೊಂಡಿರುವುದರಿಂದ ಕೀ ಹೊಂದುತ್ತಿಲ್ಲ. ಎನ್‌ಕೋಡಿಂಗ್ ಅನ್ನು ‘ಯುಟಿಎಫ್-8-ಸಿಗ್’ ಎಂದು ಕೊಟ್ಟರೆ ಪೈಥಾನ್ ಅದನ್ನು ತಾನೇ ಕಳಚಿಹಾಕುತ್ತದೆ. ಇದೇ ತೊಡಕಿನಲ್ಲಿ ನಾನು ಒಂದು ಸಂಜೆಯನ್ನೇ ಕಳೆದಿದ್ದೇನೆ.

ಉತ್ತರ (ಬೆಳಗಾವಿ): ತಾವು ಸ್ಪ್ಲಿಟ್ (ಸಾಲನ್ನು ಪ್ರತಿ ಅಲ್ಪವಿರಾಮದಲ್ಲೂ ಕತ್ತರಿಸುವ ವಿಧಾನ) ಬಳಸದಿದ್ದುದು ಒಳ್ಳೆಯದಾಯಿತು, ಇಲ್ಲದಿದ್ದರೆ ವಿಳಾಸದೊಳಗಿನ ಅಲ್ಪವಿರಾಮಗಳು ಕಾಲಂಗಳನ್ನೇ ಒಡೆಯುತ್ತಿದ್ದವು. ಕಡತವನ್ನು ತೆರೆಯುವಾಗ ನ್ಯೂಲೈನ್‌ (ಸಾಲಿನ ಕೊನೆಯನ್ನು ಹೇಗೆ ಓದಬೇಕೆಂಬ ಆಯ್ಕೆ) ಗೆ ಖಾಲಿ ಸ್ಟ್ರಿಂಗ್ ಕೊಡಿ. ಹೊಸ ಡಾಕ್ಯುಮೆಂಟ್ ಅನ್ನು ಲೂಪ್‌ನ (ಪ್ರತಿಯೊಬ್ಬರಿಗೂ ಮರುಕಳಿಸುವ ಭಾಗದ) ಒಳಗೇ ರಚಿಸಿ. ಹೊರಗೆ ರಚಿಸಿದರೆ ಹತ್ತನೆಯವರ ಪತ್ರದಲ್ಲಿ ಹಿಂದಿನ ಒಂಬತ್ತು ಮಂದಿಯೂ ಕಾಣಿಸಿಕೊಳ್ಳುತ್ತಾರೆ.

ಪ್ರಶ್ನಿಸಿದವರು: ‘ಸಿಗ್’ ಸೇರಿಸಿದ ಕೂಡಲೇ ಹೆಸರುಗಳು ಬಂದವು. ಲೂಪ್‌ನ ತಪ್ಪೂ ನನ್ನಲ್ಲಿತ್ತು.