ಬಾಲ್ಯದ ಬಾಂಧವ್ಯವೇ ದಾಂಪತ್ಯದ್ರೋಹಕ್ಕೆ ಕಾರಣವೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಮದುವೆಯಾಗಿ ಹನ್ನೊಂದು ವರ್ಷಗಳಾದ ಮೇಲೆ ನನ್ನ ಪತಿಗೆ ಬೇರೊಂದು ಸಂಬಂಧವಿದ್ದುದು ತಿಳಿದುಬಂದಿದೆ. ಅದು ಮುಗಿದಿದೆ ಎನ್ನುತ್ತಾರೆ, ಕ್ಷಮೆಯನ್ನೂ ಕೇಳಿದ್ದಾರೆ. ಆದರೆ ಏಕೆ ಹೀಗೆ ಮಾಡಿದಿರಿ ಎಂದು ಕೇಳಿದಾಗಲೆಲ್ಲ, ತಾವು ‘ಅವಾಯ್ಡೆಂಟ್’, ಅಂದರೆ ಆಪ್ತತೆಯಿಂದ ದೂರ ಸರಿಯುವ ಸ್ವಭಾವದವರು, ಅದು ಬಾಲ್ಯದಿಂದ ಬಂದದ್ದು ಎನ್ನುತ್ತಾರೆ. ಇದು ಕಾರಣವೋ, ನೆಪವೋ? ಇಂಥದ್ದನ್ನು ಹಾದುಬಂದವರು ದಯವಿಟ್ಟು ಬರೆಯಿರಿ.

ಉತ್ತರ 1: ನಾನು ನಿಮ್ಮ ಪತಿಯ ಜಾಗದಲ್ಲಿ ಇದ್ದವಳಾದ್ದರಿಂದ ಬರೆಯಲು ಸಂಕೋಚವಾಗುತ್ತಿದೆ. ನನ್ನ ಸ್ವಭಾವ ಅವರದಕ್ಕೆ ತದ್ವಿರುದ್ಧ. ಕಳುಹಿಸಿದ ಸಂದೇಶಕ್ಕೆ ಸಂಜೆಯವರೆಗೆ ಉತ್ತರ ಬರದಿದ್ದರೆ, ಇವರು ನನ್ನನ್ನು ಬಿಟ್ಟೇಬಿಟ್ಟರು ಎಂದು ದಿಗಿಲುಗೊಳ್ಳುತ್ತಿದ್ದೆ. ಮಾತು ಕಡಿಮೆಯಿದ್ದ ಪತಿಯ ಮೌನವನ್ನು ತಾಳಲಾರದೆ, ಕೇಳಿದ ಕೂಡಲೇ ಉತ್ತರಿಸುವ ಇನ್ನೊಬ್ಬರತ್ತ ವಾಲಿದೆ. ಮೊದಮೊದಲು ಇದು ಬರೀ ಸ್ನೇಹ ಎಂದುಕೊಂಡೆ, ಆಮೇಲೆ ಪತಿ ಗಮನ ಕೊಟ್ಟಿದ್ದರೆ ಹೀಗಾಗುತ್ತಲೇ ಇರಲಿಲ್ಲ ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಒಂದೂವರೆ ವರ್ಷ ಕಳೆಯಿತು. ನನಗೆ ಈಗಲೂ ನಾಚಿಕೆ ತರುವ ಸಂಗತಿ ಬೇರೆಯೇ ಇದೆ: ಆ ದಿನಗಳಲ್ಲಿ ಪತಿಯ ಫೋನನ್ನು ಕದ್ದು ನೋಡುತ್ತಿದ್ದವಳು, ಅವರ ಮೇಲೆ ಸಂಶಯಪಟ್ಟು ಜಗಳವಾಡುತ್ತಿದ್ದವಳು ನಾನು. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ.

ಉತ್ತರ 2: ದಂಪತಿಗಳೊಂದಿಗೆ ಕೆಲಸ ಮಾಡುವ ಆಪ್ತಸಮಾಲೋಚಕನಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮಗು ತನ್ನನ್ನು ಸಾಕುವವರೊಂದಿಗೆ ಕಟ್ಟಿಕೊಳ್ಳುವ ಬಾಂಧವ್ಯದ ಬಗ್ಗೆ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ರೂಪಿಸಿದ ವಿಚಾರವನ್ನು 1987ರಲ್ಲಿ ಮನೋವಿಜ್ಞಾನಿಗಳಾದ ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ವಯಸ್ಕರ ಪ್ರೇಮಕ್ಕೆ ಅನ್ವಯಿಸಿದರು. ಇಂದು ಅದನ್ನು ಸಾಮಾನ್ಯವಾಗಿ ಎರಡು ಅಳತೆಗಳಲ್ಲಿ ನೋಡಲಾಗುತ್ತದೆ: ಕೈಬಿಟ್ಟುಹೋಗುವರೆಂಬ ಆತಂಕ ಎಷ್ಟು, ಆಪ್ತತೆಯಿಂದ ದೂರ ಸರಿಯುವ ಪ್ರವೃತ್ತಿ ಎಷ್ಟು. ದೂರ ಸರಿಯುವವರಲ್ಲಿ ಸಂಬಂಧಕ್ಕೆ ಬದ್ಧತೆ ಕಡಿಮೆಯಿದ್ದು, ಬೇರೆಯವರತ್ತ ಗಮನ ಹರಿಯುವ ಸಂಭವ ಹೆಚ್ಚೆಂದು ಅಧ್ಯಯನಗಳು ಕಂಡಿವೆ. ಆತಂಕದವರ ವಿಷಯದಲ್ಲಿ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಭರವಸೆಯ ಹಸಿವು ಕೆಲವರನ್ನು ಹೊರಗೆ ಒಯ್ಯುತ್ತದೆ, ಕೆಲವರನ್ನು ಇದ್ದ ಸಂಗಾತಿಗೇ ಇನ್ನಷ್ಟು ಬಿಗಿಯಾಗಿ ಅಂಟಿಸುತ್ತದೆ. ಭದ್ರವಾದ ಬಾಂಧವ್ಯವುಳ್ಳವರೂ ದ್ರೋಹ ಮಾಡುತ್ತಾರೆ, ದೂರ ಸರಿಯುವ ಎಷ್ಟೋ ಜನ ಜೀವನಪೂರ್ತಿ ನಿಷ್ಠರಾಗಿರುತ್ತಾರೆ. ಆದ್ದರಿಂದ ಬಾಂಧವ್ಯದ ಶೈಲಿಯೊಂದೇ ಉತ್ತರವಾಗಲಾರದು.

ಬೇರೆಯವರತ್ತ ವಾಲುವ ಒಲವು ಕೃತ್ಯವಾಗಿ, ಕೃತ್ಯ ತಿಂಗಳುಗಟ್ಟಲೆ ನಡೆಯಬೇಕಾದರೆ ನಡುವೆ ಮನಸ್ಸಿನ ರಕ್ಷಣಾ ತಂತ್ರಗಳು, ಅಂದರೆ ನೋವು ತರುವ ಸತ್ಯದಿಂದ ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ದಾರಿಗಳು, ಕೆಲಸ ಮಾಡಲೇಬೇಕು. ಇವುಗಳನ್ನು ಮನೋವಿಶ್ಲೇಷಕಿ ಅನ್ನಾ ಫ್ರಾಯ್ಡ್ 1936ರಲ್ಲಿ ವ್ಯವಸ್ಥಿತವಾಗಿ ವಿವರಿಸಿದರು. ಮನೆಯನ್ನೂ ಆ ಇನ್ನೊಂದು ಸಂಬಂಧವನ್ನೂ ಮನಸ್ಸಿನ ಬೇರೆ ಬೇರೆ ಕೋಣೆಗಳಲ್ಲಿಟ್ಟು ನಡುವಿನ ಬಾಗಿಲು ಮುಚ್ಚಿಕೊಳ್ಳುವುದು ದೂರ ಸರಿಯುವವರಲ್ಲಿ ನಾನು ಹೆಚ್ಚಾಗಿ ಕಾಣುವ ತಂತ್ರ. ಮೇಲಿನವರು ಹೇಳಿದ ಸಂಶಯವು ಪ್ರಕ್ಷೇಪಣೆ, ಅಂದರೆ ತನ್ನೊಳಗಿನದನ್ನು ಎದುರಿನವರಲ್ಲಿ ಕಾಣುವುದು. ತನ್ನ ದ್ರೋಹವೇ ಸಂಗಾತಿಯ ಮೇಲಿನ ಅಸೂಯೆಯಾಗಿ ತೋರುವುದನ್ನು ಅನ್ನಾ ಅವರ ತಂದೆ, ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ 1922ರಲ್ಲೇ ಬರೆದಿದ್ದರು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೋವಿನ ವಿಷಯವನ್ನು ಪರಿಭಾಷೆಯಾಗಿಸಿ ಅದರ ಬಿಸಿ ತಾಗದಂತೆ ಮಾತನಾಡುವುದೂ ಒಂದು ರಕ್ಷಣಾ ತಂತ್ರವೇ. ಪತಿ ಹೇಳುತ್ತಿರುವುದು ಸುಳ್ಳಲ್ಲದಿರಬಹುದು, ಆದರೆ ‘ಅವಾಯ್ಡೆಂಟ್’ ಎಂಬ ಪದದ ಹಿಂದೆ ನಿಂತು ಅವರು ಈಗಲೂ ನಿಮ್ಮಿಂದ ದೂರ ಸರಿಯುತ್ತಲೇ ಇದ್ದಾರೆ ಎಂದು ನನಗೆ ತೋರುತ್ತದೆ. ಆ ಪದವನ್ನು ಬಿಟ್ಟು, ಯಾವ ದಿನ, ಯಾವ ಮಾತಿನ ನಂತರ, ಏನನ್ನು ತಪ್ಪಿಸಿಕೊಳ್ಳಲು ಹೋದಿರಿ ಎಂದು ಕೇಳಿ ನೋಡಿ. ಇನ್ನೊಂದು ಮಾತು: ಈಗ ನಿಮಗೆ ನಿದ್ರೆ ಬಾರದಿದ್ದರೆ, ಅವರ ಫೋನು ಸದ್ದಾದರೆ ಎದೆ ಹೊಡೆದುಕೊಂಡರೆ, ಅದು ನಿಮ್ಮ ‘ಆತಂಕದ ಶೈಲಿ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಪೆಟ್ಟು ತಿಂದವರ ಸಹಜ ಪ್ರತಿಕ್ರಿಯೆ.

ಉತ್ತರ 3: ನನ್ನ ಪತ್ನಿಯೂ ಇಂಥದೇ ವಿವರಣೆಗಳನ್ನು ಕೊಟ್ಟಳು, ಎಲ್ಲವೂ ತರ್ಕಬದ್ಧವಾಗಿದ್ದವು. ಎರಡು ವರ್ಷಗಳಲ್ಲಿ ಅವಳು ನನಗೆ ಹೇಗಾಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ನಾವು ಈಗ ಒಟ್ಟಿಗಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಆ ಪದ ಬಳಸದೆ ಹೇಳಿ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ನೀನು ಅತ್ತಾಗಲೆಲ್ಲ ಏನು ಮಾಡಬೇಕೆಂದು ತಿಳಿಯದೆ ಹೊರಗೆ ಹೋಗಿಬಿಡುತ್ತಿದ್ದೆ, ಹೋಗುತ್ತಿದ್ದುದು ಅಲ್ಲಿಗೇ” ಎಂದರು. ಇದುವರೆಗೆ ಕೇಳಿದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ಆದರೂ ಮೊದಲ ಬಾರಿಗೆ ಅವರೇ ಮಾತನಾಡಿದರು ಎನ್ನಿಸಿತು. ಮುಂದಿನ ವಾರ ಇಬ್ಬರೂ ಆಪ್ತಸಮಾಲೋಚಕರನ್ನು ಕಾಣಲಿದ್ದೇವೆ. ಆಮೇಲಿನದನ್ನು ಈಗಲೇ ಹೇಳಲಾರೆ.